ನೊಬೆಲ್‌ನ ಮೊದಲ ವರ್ಷಗಳನ್ನು ನಾನು ಎಂಟನೇ ಕ್ಲಾಸಿಗೆ ಪಾಠ ಮಾಡುವ ಬಗೆ

ನಾನು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ನೊಬೆಲ್ ಪ್ರಶಸ್ತಿ ಅಂದ ಕೂಡಲೇ ನಮ್ಮ ಮಕ್ಕಳಿಗೆ ನೆನಪಾಗುವುದು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿರುವ ಪಟ್ಟಿ. 1901, ಭೌತಶಾಸ್ತ್ರ, ರಾಂಟ್‌ಜನ್. 1901, ಶಾಂತಿ, ಡ್ಯೂನಾಂಟ್. ಕ್ವಿಜ್‌ಗೆ ಇಷ್ಟು ಸಾಕು. ಆದರೆ ಈ ರಾಂಟ್‌ಜನ್ ಏನು ಮಾಡಿದರು ಅಂತ ಕೇಳಿದರೆ ಇಡೀ ಕ್ಲಾಸು ಸುಮ್ಮನಾಗುತ್ತದೆ. ಅದಕ್ಕೆ ನಾನು ಪಟ್ಟಿ ಬಾಯಿಪಾಠ ಮಾಡಿಸುವುದಿಲ್ಲ. ಒಬ್ಬೊಬ್ಬರಿಗೂ ಮೇಜಿನ ಮೇಲೆ ಒಂದು ವಸ್ತು ಇಡುತ್ತೇನೆ. ಮೊದಲು ವಸ್ತು, ಆಮೇಲೆ ಹೆಸರು, ಪ್ರಶಸ್ತಿಯ ಮಾತು ಕೊನೆಗೆ. ಇದಕ್ಕೆ ಎಂಟನೇ ಕ್ಲಾಸೇ ಸರಿ. ಹತ್ತಕ್ಕೆ ಬಂದರೆ ಎಸ್ಸೆಸ್ಸೆಲ್ಸಿ ಗಡಿಬಿಡಿ, ಯಾರಿಗೂ ಪುರುಸೊತ್ತಿರುವುದಿಲ್ಲ.

ಆಲ್ಫ್ರೆಡ್ ನೊಬೆಲ್ ಪರಿಚಯಕ್ಕೆ ಒಂದು ಜಲ್ಲಿಕಲ್ಲು ಸಾಕು. ಕಲ್ಲು ಕ್ವಾರಿಯ ಸದ್ದು ನಮ್ಮ ಮಕ್ಕಳಿಗೆ ಹೊಸದಲ್ಲ. 1864ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನೈಟ್ರೋಗ್ಲಿಸರಿನ್ ಎಂಬ ಸ್ಫೋಟಕ ದ್ರವ ಸಿಡಿದು ನೊಬೆಲ್ ಅವರ ತಮ್ಮ ಎಮಿಲ್ ಸತ್ತರು. ಆ ದ್ರವವನ್ನು ಒಂದು ಬಗೆಯ ಮಣ್ಣಿಗೆ ಹೀರಿಸಿದರೆ ಅದನ್ನು ಸಾಗಿಸುವುದು, ಬಳಸುವುದು ಎಷ್ಟೋ ಸುರಕ್ಷಿತ ಅಂತ ಕಂಡುಕೊಂಡು 1867ರಲ್ಲಿ ಡೈನಮೈಟ್‌ಗೆ ಪೇಟೆಂಟ್ ಪಡೆದರು. 1895ರ ನವೆಂಬರ್ 27ರಂದು ಪ್ಯಾರಿಸ್‌ನಲ್ಲಿ ತಮ್ಮ ಆಸ್ತಿಯಿಂದ ಪ್ರಶಸ್ತಿ ಕೊಡಬೇಕೆಂಬ ಉಯಿಲಿಗೆ ಸಹಿ ಹಾಕಿದರು. ಮರುವರ್ಷ ಡಿಸೆಂಬರ್ 10ರಂದು ತೀರಿಕೊಂಡರು. ಮೊದಲ ಪ್ರಶಸ್ತಿಗಳನ್ನು ಕೊಟ್ಟಿದ್ದು 1901ರ ಅದೇ ದಿನ. ಇಷ್ಟು ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಮಕ್ಕಳ ಕಣ್ಣು ಆಗಲೇ ಮೇಜಿನ ಮೇಲಿನ ಎಕ್ಸ್-ರೇ ಫಿಲ್ಮಿನ ಮೇಲಿರುತ್ತದೆ.

ಫಿಲ್ಮನ್ನು ಮಕ್ಕಳೇ ತರುತ್ತಾರೆ. ಅಜ್ಜಿಯ ಮಂಡಿ, ಬೈಕಿನಿಂದ ಬಿದ್ದ ಮಾವನ ಕೈ, ಯಾವುದಾದರೂ ಒಂದು ಬೀರುವಿನಲ್ಲಿ ಇದ್ದೇ ಇರುತ್ತದೆ. ಹೆಸರು ಬರೆದ ಮೂಲೆಗೆ ಮೊದಲೇ ಕಾಗದ ಅಂಟಿಸುತ್ತೇನೆ. ಕಿಟಕಿಯ ಬೆಳಕಿಗೆ ಹಿಡಿದು ಒಂದೇ ಪ್ರಶ್ನೆ ಕೇಳುತ್ತೇನೆ: ಮೂಳೆ ಬೆಳ್ಳಗೆ, ಸುತ್ತ ಕಪ್ಪು, ಯಾಕೆ? ಮೂಳೆಯ ಬಣ್ಣವೇ ಬಿಳಿ ಅಲ್ವಾ ಮೇಡಂ ಅಂತ ಒಬ್ಬರಾದರೂ ಹೇಳುತ್ತಾರೆ. ಕಿರಣ ದಾಟಿ ಬಂದ ಕಡೆ ಫಿಲ್ಮು ಕಪ್ಪಾಗುತ್ತದೆ, ಮೂಳೆ ತಡೆದ ಕಡೆ ಕಪ್ಪಾಗದೆ ಉಳಿಯುತ್ತದೆ. ಇದು ತಲೆಗೆ ಹೋದ ಮೇಲೆಯೇ ಜರ್ಮನಿಯ ವುರ್ಟ್ಸ್‌ಬರ್ಗ್‌ನ ಕತೆ. 1895ರ ನವೆಂಬರ್ 8ರ ಸಂಜೆ ಕತ್ತಲ ಕೋಣೆಯಲ್ಲಿ ರಾಂಟ್‌ಜನ್ ಒಂದು ಗಾಜಿನ ಕೊಳವೆಯಲ್ಲಿ ವಿದ್ಯುತ್ ಹರಿಸುತ್ತಿದ್ದರು. ಕೊಳವೆಗೆ ಕಪ್ಪು ಕಾಗದ ಸುತ್ತಿತ್ತು. ಆದರೂ ದೂರದಲ್ಲಿದ್ದ ಪರದೆ ಹೊಳೆಯಿತು. ಕಾಗದ ದಾಟಿ ಬಂದ ಆ ಕಾಣದ ಕಿರಣವೇ ಎಕ್ಸ್-ರೇ. ಡಿಸೆಂಬರ್‌ನಲ್ಲಿ ಹೆಂಡತಿ ಆನ್ನಾ ಬೆರ್ಥಾ ಅವರ ಕೈಯ ಚಿತ್ರ ತೆಗೆದರು. ಆ ಚಿತ್ರದ ಪ್ರಿಂಟ್ ತೋರಿಸಿ, ಬೆರಳಲ್ಲಿರುವ ಗಂಟು ಏನು ಅಂತ ಕೇಳುತ್ತೇನೆ. ಉಂಗುರ ಅಂತ ಹುಡುಗಿಯರು ಥಟ್ಟನೆ ಹೇಳುತ್ತಾರೆ. ರಾಂಟ್‌ಜನ್ ಪೇಟೆಂಟ್ ತೆಗೆದುಕೊಳ್ಳಲಿಲ್ಲ, ಬಹುಮಾನದ ಹಣವನ್ನು ತಮ್ಮ ವಿಶ್ವವಿದ್ಯಾಲಯಕ್ಕೇ ಕೊಟ್ಟರು. ನನಗೆ ಈ ಮನುಷ್ಯನ ಮೇಲೆ ತುಂಬ ಪ್ರೀತಿ.

ಬೋರ್ಡಿನ ಮೇಲೆ ನಾನು ಹಾಕುವ ಕೋಷ್ಟಕದಲ್ಲಿ ಒಂದು ಕಾಲಂ ಜಾಸ್ತಿ ಇರುತ್ತದೆ: "ಜೊತೆಗಿದ್ದವರು". ಪದಕ ಸಿಗದ, ಆದರೆ ಅವರಿಲ್ಲದಿದ್ದರೆ ಕೆಲಸವೇ ಆಗದಿದ್ದ ಜನರ ಹೆಸರು ಅಲ್ಲಿ ಬರಬೇಕು. ಆನ್ನಾ ಬೆರ್ಥಾ ಅಲ್ಲಿ ಮೊದಲ ಹೆಸರು. ಎರಡನೆಯದು ಜಪಾನಿನ ಕಿತಾಸಾಟೊ. ಅವರಿಗಾಗಿ ಮೇಜಿನ ಮೇಲೆ ಇಡುವುದು ತಾಯಿ ಕಾರ್ಡ್. ಅದರಲ್ಲಿ ಆರು, ಹತ್ತು, ಹದಿನಾಲ್ಕು ವಾರಕ್ಕೆ ಪೆಂಟಾವಲೆಂಟ್ ಲಸಿಕೆ ಅಂತ ಇರುತ್ತದೆ. ಅದು ತಡೆಯುವ ಐದು ರೋಗಗಳಲ್ಲಿ ಗಂಟಲಮಾರಿ ಒಂದು. ಈ ಡಿಫ್ತೀರಿಯಾಕ್ಕೆ ರಕ್ತದ ಸೀರಂ ಚಿಕಿತ್ಸೆಯ ದಾರಿ ತೋರಿಸಿದ್ದಕ್ಕೆ 1901ರ ವೈದ್ಯಕೀಯ ಪ್ರಶಸ್ತಿ ಬೆಹ್ರಿಂಗ್ ಒಬ್ಬರಿಗೇ ಹೋಯಿತು. 1890ರ ಮುಖ್ಯ ಲೇಖನದಲ್ಲಿ ಕಿತಾಸಾಟೊ ಹೆಸರೂ ಇತ್ತು. ಇದು ಅನ್ಯಾಯ ಅಂತ ನಾನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ನಾನು ಅತಿ ಹೆಚ್ಚು ಸಮಯ ಕೊಡುವುದು ಮಲೇರಿಯಾದ ಕೆಲಸಕ್ಕೆ 1902ರ ವೈದ್ಯಕೀಯ ಪ್ರಶಸ್ತಿ ಪಡೆದ ರೊನಾಲ್ಡ್ ರಾಸ್‌ಗೆ. ಹುಟ್ಟಿದ್ದು ಈಗಿನ ಉತ್ತರಾಖಂಡದ ಅಲ್ಮೋರಾದಲ್ಲಿ, ಕೆಲಸ ಮಾಡಿದ್ದೂ ನಮ್ಮ ದೇಶದಲ್ಲೇ. 1883ರ ಸುಮಾರಿಗೆ ಬೆಂಗಳೂರಿನಲ್ಲಿ ಸೇನೆಯ ವೈದ್ಯರಾಗಿದ್ದರು. ಬಂಗಲೆಯ ಕಿಟಕಿ ಹೊರಗಿನ ತೊಟ್ಟಿಯಲ್ಲಿ ಸೊಳ್ಳೆ ಮರಿಗಳನ್ನು ಕಂಡು ತೊಟ್ಟಿಯನ್ನೇ ಬೋರಲು ಹಾಕಿಸಿದರು. ಸೊಳ್ಳೆ ಕಡಿಮೆಯಾಯಿತು. ಎಲ್ಲ ಕಡೆ ಹೀಗೇ ಮಾಡೋಣ ಅಂದಾಗ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಯನ್ನೂ ಏನೋ ಉದ್ದೇಶಕ್ಕೆ ಸೃಷ್ಟಿ ಮಾಡಿರುತ್ತಾರೆ, ನಾವು ಸಹಿಸಿಕೊಳ್ಳಬೇಕು ಅಂದರಂತೆ. ರಾಸ್ ತಮ್ಮ ನೆನಪುಗಳಲ್ಲಿ ಇದನ್ನು ಬರೆದುಕೊಂಡಿದ್ದಾರೆ.

ಇಲ್ಲಿ ಸೊಳ್ಳೆ ಮರಿ ಹುಡುಕಲು ಕ್ಲಾಸು ಹೊರಗೆ ಹೋಗುತ್ತದೆ. ಬೇಕಾದದ್ದು ಒಂದು ಬಿಳಿ ಬೋಗುಣಿ, ಉದ್ದ ಹಿಡಿಯ ಸೌಟು, ಬಲೆ ಬಟ್ಟೆ ಕಟ್ಟಿದ ಬಾಟಲಿ. ಊರಿನ ಆಶಾ ಕಾರ್ಯಕರ್ತೆಯನ್ನು ಕರೆಯುತ್ತೇನೆ. ಲಾರ್ವಾ ಸಮೀಕ್ಷೆ ಅವರ ದಿನನಿತ್ಯದ ಕೆಲಸ, ನನಗಿಂತ ಬೇಗ ಹುಡುಕುತ್ತಾರೆ. ಕೊಳಕು ನೀರಿನಲ್ಲಿ ಸಿಗುವ ಕ್ಯೂಲೆಕ್ಸ್ ಸೊಳ್ಳೆಯ ಮರಿ ಬಾಲದ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ಓರೆಯಾಗಿ ನೇತಾಡುತ್ತದೆ. ಗದ್ದೆಯ ಅಂಚಿನಲ್ಲೋ ಕೆರೆಯ ಬದಿಯಲ್ಲೋ ಸಿಗುವ, ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯ ಮರಿಗೆ ಆ ಕೊಳವೆ ಇಲ್ಲ. ಅದು ಮೇಲ್ಮೈಗೆ ಅಂಟಿಕೊಂಡಂತೆ ಅಡ್ಡಡ್ಡ ಮಲಗುತ್ತದೆ. ಬೋಗುಣಿಯ ಮೇಲೆ ಕೈ ನೆರಳು ಬಿದ್ದರೆ ಎರಡೂ ಪುಳಕ್ಕನೆ ಕೆಳಗೆ ಹೋಗುತ್ತವೆ. ಒಂದೆರಡು ನಿಮಿಷ ಅಲ್ಲಾಡದೆ ಕಾದರೆ ಮತ್ತೆ ಮೇಲೆ ಬರುತ್ತವೆ. ಈ ಕಾಯುವುದನ್ನು ಕಲಿಯಬೇಕು. ನೋಡಿದ ಮೇಲೆ ನೀರನ್ನು ಬಿಸಿಲಿನ ಒಣನೆಲಕ್ಕೆ ಚೆಲ್ಲಿಸುತ್ತೇನೆ, ಕಡೆಗೆ ಕೈ ತೊಳೆಯುವುದು ಕಡ್ಡಾಯ.

ವಾಪಸ್ ಬಂದು ರಾಸ್ ಅವರ ಸಿಕಂದರಾಬಾದ್ ಕತೆ. 1897ರ ಆಗಸ್ಟ್. ಸೆಖೆ ವಿಪರೀತ, ಪಂಖ ಬೀಸಿಸುವಂತಿಲ್ಲ, ಬೀಸಿದರೆ ಕೊಯ್ದಿಟ್ಟ ಸೊಳ್ಳೆ ಹಾರಿಹೋಗುತ್ತದೆ. ಬೆವರು ಬಿದ್ದು ಸೂಕ್ಷ್ಮದರ್ಶಕದ ಸ್ಕ್ರೂಗಳಿಗೆ ತುಕ್ಕು. ಕಣ್ಣಿಡುವ ಮಸೂರ ಬಿರುಕು ಬಿಟ್ಟಿತ್ತು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯನ್ನು ಮರಿಯಿಂದಲೇ ಸಾಕಿದ ಸೊಳ್ಳೆಗಳಿಗೆ ಕಚ್ಚಿಸಿದರು, ಕಚ್ಚಿದ ಒಂದೊಂದು ಸೊಳ್ಳೆಗೆ ಒಂದೊಂದು ಆಣೆ ಕೊಟ್ಟರು. ಆಗಸ್ಟ್ 20ರಂದು ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಗುರುತಾದ ಕಪ್ಪು ಕಣಗಳಿರುವ ದುಂಡು ಕೋಶಗಳು ಕಂಡವು. ರೋಗಾಣು ಸೊಳ್ಳೆಯೊಳಗೆ ಬೆಳೆಯುತ್ತದೆ ಅನ್ನುವುದಕ್ಕೆ ಸಿಕ್ಕ ಮೊದಲ ಸಾಕ್ಷಿ ಅದು. ಮರುವರ್ಷ ಕಲ್ಕತ್ತದಲ್ಲಿ, ಹಕ್ಕಿಗಳ ಮಲೇರಿಯಾ ಇಟ್ಟುಕೊಂಡು ರೋಗಾಣುವಿನ ಇಡೀ ಜೀವನಚಕ್ರವನ್ನು ಬಿಡಿಸಿದರು. ಅಲ್ಲಿ ನೆರವಾದವರು ಮೊಹಮ್ಮದ್ ಬಕ್ಸ್. ಹುಸೇನ್ ಖಾನ್, ಮೊಹಮ್ಮದ್ ಬಕ್ಸ್, ಎರಡೂ ಹೆಸರು ಕಾಲಂಗೆ ಹೋಗುತ್ತವೆ. ಒಂದು ಆಣೆ ನ್ಯಾಯವೇ ಅನ್ನುವ ಪ್ರಶ್ನೆ ಮಕ್ಕಳೇ ಎತ್ತುತ್ತಾರೆ. ನಾನು ಉತ್ತರ ಕೊಡುವುದಿಲ್ಲ, ಅವರೇ ಮಾತಾಡಿಕೊಳ್ಳಲಿ ಅಂತ ಬಿಡುತ್ತೇನೆ.

ಮೇರಿ ಕ್ಯೂರಿಗೆ ಮಾತ್ರ ಸರಿಯಾದ ವಸ್ತು ಇಡಲು ಆಗುವುದಿಲ್ಲ. ಅವರು ಕಂಡುಹಿಡಿದ ರೇಡಿಯಂ ಧಾತುವನ್ನು ಎಲ್ಲಿಂದ ತರುವುದು? ಲ್ಯಾಬಿನ ತಕ್ಕಡಿಯಲ್ಲಿ 0.1 ಗ್ರಾಂ ಉಪ್ಪು ತೂಗಿ ಕರಿ ಕಾಗದದ ಮೇಲೆ ಹಾಕುತ್ತೇನೆ. ಟನ್‌ಗಟ್ಟಲೆ ಅದಿರಿನ ಕಸವನ್ನು ಕುದಿಸಿ, ಕಲಕಿ, ಸೋಸಿ 1902ರಲ್ಲಿ ಅವರು ಪಡೆದ ರೇಡಿಯಂ ಕ್ಲೋರೈಡ್ ಇಷ್ಟೇ. ಒಂದು ಟನ್ ಅಂದರೆ 50 ಕಿಲೋದ 20 ಸಿಮೆಂಟ್ ಮೂಟೆ ಅಂತ ಲೆಕ್ಕ ಹಾಕಿಸುತ್ತೇನೆ. 1903ರ ಭೌತಶಾಸ್ತ್ರ ಪ್ರಶಸ್ತಿಗೆ ಮೊದಲು ವಿಜ್ಞಾನಿ ಬೆಕೆರೆಲ್ ಮತ್ತು ಮೇರಿಯ ಗಂಡ ಪಿಯರ್ ಹೆಸರಷ್ಟೇ ಇತ್ತು. ಸ್ವೀಡನ್ನಿನ ಗಣಿತಜ್ಞ ಮಿಟಾಗ್-ಲೆಫ್ಲರ್ ಈ ಸುದ್ದಿ ತಿಳಿಸಿದರು. ಮೇರಿಯನ್ನು ಬಿಟ್ಟು ಕೊಡಬೇಡಿ ಅಂತ ಪಿಯರ್ ಬರೆದರು. ಆ ಕಾಗದ ಹೋಗದಿದ್ದರೆ ಮೇರಿ ಹೆಸರು ನನ್ನ ಕೊನೆಯ ಕಾಲಂನಲ್ಲಿ ಇರುತ್ತಿತ್ತು. 1911ರಲ್ಲಿ ರಸಾಯನಶಾಸ್ತ್ರಕ್ಕೆ ಅವರೊಬ್ಬರಿಗೇ ಎರಡನೇ ಪ್ರಶಸ್ತಿ ಬಂತು.

ಶಾಂತಿ ಪ್ರಶಸ್ತಿಗೆ ಪ್ರಥಮ ಚಿಕಿತ್ಸೆ ಪೆಟ್ಟಿಗೆ. 1859ರ ಜೂನ್‌ನಲ್ಲಿ ಇಟಲಿಯ ಸೊಲ್ಫೆರಿನೊ ಯುದ್ಧ. ವ್ಯಾಪಾರದ ಕೆಲಸಕ್ಕೆ ಹೋಗಿದ್ದ ಹೆನ್ರಿ ಡ್ಯೂನಾಂಟ್ ಗಾಯಾಳುಗಳ ನಡುವೆ ನಿಂತುಬಿಟ್ಟರು. ಪಕ್ಕದ ಊರಿನ ಹೆಂಗಸರು ಯಾವ ಸೈನ್ಯದವರು ಅಂತ ನೋಡದೆ ನೀರು ಕೊಟ್ಟರು, ಗಾಯ ಕಟ್ಟಿದರು. ಎಲ್ಲರೂ ಅಣ್ಣತಮ್ಮಂದಿರೇ ಅನ್ನುತ್ತಿದ್ದರಂತೆ. ಆ ಹೆಂಗಸರೂ ಕಾಲಂಗೆ ಸೇರುತ್ತಾರೆ. ಡ್ಯೂನಾಂಟ್ ಅವರ ಪ್ರಯತ್ನದಿಂದ 1863ರಲ್ಲಿ ಜಿನೀವಾದಲ್ಲಿ ರೆಡ್‌ಕ್ರಾಸ್ ಶುರುವಾಯಿತು. 1867ರಲ್ಲಿ ಡ್ಯೂನಾಂಟ್ ದಿವಾಳಿಯಾದರು, ಎಷ್ಟೋ ವರ್ಷ ಬಡತನದಲ್ಲಿ ಕಳೆದರು. 1901ರಲ್ಲಿ ಪ್ರಶಸ್ತಿ ಬಂದಾಗ ಸ್ವಿಟ್ಜರ್ಲೆಂಡಿನ ಹೈಡನ್ ಎಂಬ ಊರಿನ ಆಸ್ಪತ್ರೆಯಲ್ಲಿದ್ದರು. ಪ್ರಶಸ್ತಿಯನ್ನು ಫ್ರೆಡೆರಿಕ್ ಪಾಸ್ಸಿ ಜೊತೆ ಹಂಚಿಕೊಂಡರು. ಪೆಟ್ಟಿಗೆಯ ಮೇಲಿನ ಕೆಂಪು ಕ್ರಾಸಿನ ಬಗ್ಗೆ ಒಂದು ಮಾತು ಹೇಳಲೇಬೇಕು: ಅದನ್ನು ಯಾರು ಬೇಕಾದರೂ ಬಳಸುವಂತಿಲ್ಲ, ನಮ್ಮ ದೇಶದಲ್ಲಿ 1960ರ ಕಾನೂನು ಇದೆ. ನಮ್ಮ ಶಾಲೆಯ ಪೆಟ್ಟಿಗೆಗೆ ಮಕ್ಕಳೇ ಹಸಿರಿನ ಮೇಲೆ ಬಿಳಿ ಕ್ರಾಸ್ ಬರೆದಿದ್ದಾರೆ.

ಸಾಹಿತ್ಯವನ್ನು ಕನ್ನಡ ಮೇಷ್ಟ್ರಿಗೆ ಬಿಡುತ್ತೇನೆ. ಮೊದಲ ಪ್ರಶಸ್ತಿ ಫ್ರಾನ್ಸಿನ ಕವಿ ಸುಲ್ಲಿ ಪ್ರುಧೊಮ್‌ಗೆ ಹೋದಾಗ ಸ್ವೀಡನ್ನಿನ 42 ಲೇಖಕರು, ಕಲಾವಿದರು ರಷ್ಯಾದ ಲೇಖಕ ಟಾಲ್‌ಸ್ಟಾಯ್‌ಗೆ ಪತ್ರ ಬರೆದು, ಪ್ರಶಸ್ತಿ ನಿಮಗೆ ಬರಲಿಲ್ಲವಲ್ಲ ಅಂತ ಬೇಸರ ತೋಡಿಕೊಂಡರು. ಹಣದ ಉಸಾಬರಿ ತಪ್ಪಿತು ಅಂತ ಟಾಲ್‌ಸ್ಟಾಯ್ ಸಂತೋಷಪಟ್ಟರು. ಮೇಷ್ಟ್ರು ಇದರ ಮೇಲೆ ಚರ್ಚೆ ನಡೆಸುತ್ತಾರೆ, ಸದ್ದು ಪಕ್ಕದ ಕ್ಲಾಸಿಗೂ ಕೇಳುತ್ತದೆ.

ಮಾಡಿ ನೋಡುವ ಶಿಕ್ಷಕರಿಗೆ ಒಂದು ಸಲಹೆ. ಎಲ್ಲರನ್ನೂ ಒಂದೇ ವಾರದಲ್ಲಿ ಮುಗಿಸಬೇಡಿ. ರಾಸ್ ಪಾಠ ಮಳೆಗಾಲಕ್ಕಿರಲಿ, ಆಗಸ್ಟ್ 20ರ ಆಸುಪಾಸು ಆದರೆ ಮರಿಗಳೂ ಸಿಗುತ್ತವೆ. ಕ್ಯೂರಿ, ಡ್ಯೂನಾಂಟ್ ಡಿಸೆಂಬರ್ 10ಕ್ಕೆ ಹೊಂದುತ್ತಾರೆ. ನಾನು ಮುಂದೆ ಸೇರಿಸಬೇಕೆಂದಿರುವುದು ಆರ್ಗಾನ್ ಅನಿಲವನ್ನು ಕಂಡುಹಿಡಿದ, 1904ರಲ್ಲಿ ಪ್ರಶಸ್ತಿ ಪಡೆದ ರ‍್ಯಾಲೆ ಮತ್ತು ರಾಮ್ಸೆ ಅವರನ್ನು. ಆರ್ಗಾನ್ ತುಂಬಿದ ಹಳೆಯ ತಂತಿ ಬಲ್ಬು ಸಾಕು. ಎಲ್‌ಇಡಿ ಬಂದ ಮೇಲೆ ಅದು ಅಂಗಡಿಯಲ್ಲಿ ಸಿಗುವುದು ಅಪರೂಪ, ಮನೆಯ ಅಟ್ಟದಲ್ಲಿ ಹುಡುಕಿ ಅಂತ ಮಕ್ಕಳಿಗೆ ಹೇಳಿಟ್ಟಿದ್ದೇನೆ.