ವಿಜ್ಞಾನ ದಿನಕ್ಕೆ ಮನೆಮಂದಿ ಬಂದಾಗ: ಸಾರ್ವಜನಿಕ ಆರೋಗ್ಯದ ಮೂರು ಮೇಜು ಹಾಕುವ ಬಗೆ

ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದ ಆಸುಪಾಸಿನಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗೆ ಆವರಣದಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಊರಿನ ಮನೆಮಂದಿಯನ್ನು ಕರೆದು ವಿಜ್ಞಾನ ತೋರಿಸಬೇಕೆಂದಿರುವವರಿಗೆ ಈ ಬರಹ. ಭೌತಶಾಸ್ತ್ರದವರಿಗೆ ಮಸೂರ, ಅಯಸ್ಕಾಂತಗಳಿವೆ. ರಸಾಯನಶಾಸ್ತ್ರದವರಿಗೆ ಬಣ್ಣಗಳಿವೆ. ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿಗಳಿಗೆ ಮಾತ್ರ ಭಿತ್ತಿಪತ್ರ ಅಂಟಿಸುವ ಕೆಲಸ ಉಳಿಯುತ್ತದೆ, ಅದನ್ನು ಮಕ್ಕಳು ಓದುವುದಿಲ್ಲ. ಒಬ್ಬರ ಸಂಗತಿಯನ್ನು ನೂರಾರು ಜನರ ಸಂಗತಿಯ ಜೊತೆಗಿಟ್ಟು ನೋಡುವುದೇ ಈ ಶಾಸ್ತ್ರದ ಜೀವಾಳ. ಹಾಗಾಗಿ ಪ್ರತಿ ಮೇಜಿನ ಹಿಂದೆ ಗೋಡೆಗೆ ಒಂದು ದೊಡ್ಡ ಹಾಳೆ ಹಚ್ಚಿ. ಬಂದವರು ಕೈಯಾರೆ ಪ್ರಯೋಗ ಮಾಡಿ, ತಮ್ಮ ಫಲಿತಾಂಶವನ್ನು ಅದರ ಮೇಲೆ ಗುರುತಿಸಿ ಹೋಗಲಿ.

ಹೊತ್ತು ಬೆಳಿಗ್ಗೆ 9ರಿಂದ 12:30 ಸಾಕು, ಆ ಮೇಲಿನ ಬಿಸಿಲು ಮಕ್ಕಳಿಗೆ ಬೇಡ. ಸೂಚನೆಗಳನ್ನು ಕನ್ನಡ, ಉರ್ದು ಎರಡರಲ್ಲೂ ಬರೆಯಿರಿ.

ಅರಿಶಿನದ ಕೈ

ಒಂದು ಮಗುವಿಗೆ ಅರ್ಧ ಚಮಚ ಅರಿಶಿನ ಪುಡಿ, ಒಂದು ಚಮಚ ನೀರು. ಕಲಸಿ ಎರಡೂ ಕೈಗೆ ತೆಳ್ಳಗೆ, ಬೆರಳ ಸಂದು ಮತ್ತು ಉಗುರಿನ ಸುತ್ತ ಸೇರಿಸಿ ಹಚ್ಚಿ. ಒಂದೆರಡು ನಿಮಿಷ ಆರಲಿ. ಈಗ ಮಗು ಕಣ್ಣು ಮುಚ್ಚಿಕೊಂಡು, ಮನೆಯಲ್ಲಿ ತೊಳೆಯುವಂತೆಯೇ ಒದ್ದೆ ಕೈಗೆ ಸಾಬೂನು ಹಚ್ಚಿ ಉಜ್ಜಲಿ. ಕಣ್ಣು ಮುಚ್ಚುವುದನ್ನು ಬಿಡಬೇಡಿ. ಕಣ್ಣು ತೆರೆದಿದ್ದರೆ ಹಳದಿ ಕಂಡಲ್ಲೆಲ್ಲ ಮಗು ಹುಡುಕಿ ಉಜ್ಜುತ್ತದೆ, ನಿತ್ಯದ ರೂಢಿ ಗೊತ್ತಾಗುವುದೇ ಇಲ್ಲ.

ಸಾಬೂನು ತಾಗಿದಲ್ಲಿ ಅರಿಶಿನ ಕೆಂಪಾಗುತ್ತದೆ, ತಾಗದಲ್ಲಿ ಹಳದಿಯಾಗಿಯೇ ಉಳಿಯುತ್ತದೆ. ಓಕುಳಿ ನೀರಿಗೆ ಸುಣ್ಣ ಬೆರೆಸಿದಾಗ ಆಗುವುದೂ ಇದೇ: ಕ್ಷಾರ ಸಿಕ್ಕಾಗ ಅರಿಶಿನದ ಕರ್ಕ್ಯುಮಿನ್ ಬಣ್ಣ ಬದಲಿಸುತ್ತದೆ. ಅಜ್ಜಿಯರು ಇದನ್ನು ತಟ್ಟನೆ ಹಿಡಿಯುತ್ತಾರೆ, ವಿವರಿಸುವ ಕೆಲಸ ಅವರಿಗೇ ಬಿಡಿ. ನೊರೆಯನ್ನು ಬೆರಳಿನಿಂದ ಸರಿಸಿ, ನೀರು ಹಾಕುವ ಮೊದಲೇ ನೋಡಬೇಕು. ನೀರು ಬಿದ್ದರೆ ಕ್ಷಾರ ತೊಳೆದುಹೋಗಿ ಕೆಂಪು ಮತ್ತೆ ಹಳದಿಯಾಗುತ್ತದೆ.

ಕೆಂಪೇ ಬರಲಿಲ್ಲವೆಂದರೆ ಸಾಮಾನ್ಯವಾಗಿ ಕಾರಣ ಎರಡು. ಬಾಟಲಿಯ ಹ್ಯಾಂಡ್‌ವಾಶ್ ಬಳಸಿರುತ್ತೀರಿ. ಅವುಗಳಲ್ಲಿ ಹಲವು ಕ್ಷಾರವಾಗಿರುವುದಿಲ್ಲ, ಆದ್ದರಿಂದ ಗಟ್ಟಿ ಸಾಬೂನೇ ಬೇಕು. ಇಲ್ಲವೇ ಪುಡಿಯಲ್ಲಿ ಮೆಟಾನಿಲ್ ಹಳದಿ ಎಂಬ ಕೃತಕ ಬಣ್ಣದ ಕಲಬೆರಕೆ ಇರುತ್ತದೆ. ಅದು ಕೆಂಪಾಗುವುದು ಆಮ್ಲಕ್ಕೆ, ಸಾಬೂನಿಗಲ್ಲ. ಕೊಂಬು ತಂದು ಕುಟ್ಟಿಸಿದ ಪುಡಿಯೇ ಕ್ಷೇಮ. ಕೈಗೆ ಗಾಯವಿದ್ದ ಮಗುವಿಗೆ ಹಚ್ಚಬೇಡಿ. ಬಿಳಿ ಸಮವಸ್ತ್ರದ ಮೇಲೆ ಏಪ್ರನ್ ಕಟ್ಟಿ. ಒಬ್ಬೊಬ್ಬರಿಗೆ ಒಂದು ಲೀಟರ್ ನೀರಿನ ಲೆಕ್ಕ ಹಿಡಿದು ಡ್ರಮ್ ತುಂಬಿಸಿಡಿ.

ಗೋಡೆಯ ಹಾಳೆಯಲ್ಲಿ ಅಂಗೈ ಮತ್ತು ಮುಂಗೈಯ ದೊಡ್ಡ ಚಿತ್ರ ಬರೆದಿರಲಿ. ಹಳದಿ ಉಳಿದ ಜಾಗಕ್ಕೆ ಪ್ರತಿ ಮಗುವೂ ಒಂದು ಚುಕ್ಕೆ ಇಡಲಿ. ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳು, ಬೆರಳ ತುದಿ, ಉಗುರಿನ ಬುಡದಲ್ಲಿ ಚುಕ್ಕೆಗಳು ಒತ್ತೊತ್ತಾಗುವುದು ಸಾಮಾನ್ಯ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತಲಿನ ಕಾಲರಾ ಸಾವುಗಳನ್ನು ವೈದ್ಯ ಜಾನ್ ಸ್ನೋ ನಕ್ಷೆಯಲ್ಲಿ ಗುರುತಿಸಿ, ಅವು ಒಂದು ನೀರಿನ ಪಂಪಿನ ಸುತ್ತ ಮುತ್ತಿರುವುದನ್ನು ತೋರಿಸಿದ ಕತೆ ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು.

ಜೋಳದಲ್ಲಿ ತೊಗರಿ

ಸಮೀಕ್ಷೆ ಎಂದರೇನು ಎಂದು ತೋರಿಸುವ ಮೇಜು ಇದು. ನೂರು ಬಿಳಿಜೋಳದ ಕಾಳು ಎಣಿಸಿ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ. ಆ ತೂಕದ ಒಂಬತ್ತು ಪಟ್ಟು ತೂಗಿಕೊಂಡರೆ 900 ಕಾಳು, ಒಂದೊಂದಾಗಿ ಎಣಿಸಬೇಕಿಲ್ಲ. ಅದಕ್ಕೆ ಎಣಿಸಿ ನೂರು ಇಡೀ ತೊಗರಿ ಬೆರೆಸಿ. ಜೋಳ ಆರೋಗ್ಯವಂತರು, ತೊಗರಿ ರೋಗಿಗಳು: ಊರಿನಲ್ಲಿ ನೂರಕ್ಕೆ ಹತ್ತು ಮಂದಿಗೆ ಕಾಯಿಲೆ. ಈ ಸಂಖ್ಯೆಯನ್ನು ಗುಟ್ಟಾಗಿಡಿ.

ಮಗು ಕಣ್ಣು ಮುಚ್ಚಿ 20 ಕಾಳು ತೆಗೆದು ತೊಗರಿ ಎಷ್ಟೆಂದು ಹೇಳಲಿ. ಎಂಟು ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಒಂದೂ ತೊಗರಿ ಸಿಗದು, ಅವರ ಪಾಲಿಗೆ ಊರಿನಲ್ಲಿ ರೋಗವೇ ಇಲ್ಲ! ಅದೇ ಮಗು 100 ಕಾಳು ತೆಗೆದರೆ ಉತ್ತರ ಹೆಚ್ಚಾಗಿ 4ರಿಂದ 16ರೊಳಗೆ ಬೀಳುತ್ತದೆ. 20ರ ಉತ್ತರವನ್ನು ಐದರಿಂದ ಗುಣಿಸಿ ನೂರಕ್ಕೆ ಎಷ್ಟೆಂದು ಮಾಡಿಕೊಂಡು, ಎರಡು ಬಣ್ಣದ ಚುಕ್ಕೆಗಳಲ್ಲಿ ಎರಡೂ ಉತ್ತರಗಳನ್ನು ಹಾಳೆಗೆ ಏರಿಸಿ. 20ರ ಚುಕ್ಕೆಗಳು ಚೆಲ್ಲಾಪಿಲ್ಲಿಯಾಗುತ್ತವೆ, 100ರವು ಹತ್ತರ ಸುತ್ತ ಗುಂಪಾಗುತ್ತವೆ. ತೆಗೆದ ಕಾಳನ್ನು ಪ್ರತಿ ಸಲವೂ ವಾಪಸು ಹಾಕಿಸಿ, ಇಲ್ಲದಿದ್ದರೆ ಹತ್ತೂವರೆಯೊಳಗೆ ಲೆಕ್ಕ ಕೆಡುತ್ತದೆ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಡಬ್ಬಿ ಕುಲುಕಿದಷ್ಟೂ ದಪ್ಪ ಕಾಳು ಮೇಲೇರುತ್ತದೆ, ಸಣ್ಣ ಜೋಳ ಸಂದಿಯಲ್ಲಿ ಕೆಳಗಿಳಿಯುತ್ತದೆ. ಮೇಲಿನಿಂದ ಬಾಚಿದವರಿಗೆಲ್ಲ ತೊಗರಿ ಹೆಚ್ಚು ಸಿಗುತ್ತದೆ. ಬೆರಳಿಗೂ ದಪ್ಪ ಕಾಳೇ ಬೇಗ ಸಿಕ್ಕುತ್ತದೆ, ಆದ್ದರಿಂದ ಹೆಕ್ಕುವ ಬದಲು ಅಗಲ ಪರಾತದಲ್ಲಿ ಕೈಯಿಂದ ತಿರುವಿ, ಸಣ್ಣ ಬಟ್ಟಲನ್ನು ತಳದವರೆಗೆ ಇಳಿಸಿ ತೆಗೆಯಿರಿ. ದೊಡ್ಡ ಮಕ್ಕಳಿಗೆ ಎರಡೂ ಬಗೆ ಮಾಡಿಸಿ ಹೋಲಿಸಿದರೆ ಇನ್ನೂ ಒಳ್ಳೆಯದು. ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದರೆ ಊರಿನ ಲೆಕ್ಕ ಏಕೆ ತಪ್ಪುತ್ತದೆ ಎಂಬುದು ಅವರಿಗೆ ತಾನಾಗಿ ಹೊಳೆಯುತ್ತದೆ.

ಮನೆಯ ನೀರು

ರೋಗಾಣುಗಳನ್ನು ಕೊಲ್ಲಲು ಕುಡಿಯುವ ನೀರಿಗೆ ಹಾಕಿದ ಕ್ಲೋರಿನ್ ಮನೆಯ ನೀರಿನಲ್ಲಿ ಇನ್ನೂ ಉಳಿದಿದೆಯೇ ಎಂದು ನೋಡುವ ಮೇಜು ಇದು. ಆ ದಿನ ಬೆಳಿಗ್ಗೆ ನಳದಿಂದ ಹಿಡಿದ ನೀರನ್ನು ಚೊಕ್ಕ ಬಾಟಲಿಗೆ ಬಾಯಿತನಕ ತುಂಬಿ, ಬಟ್ಟೆ ಸುತ್ತಿ ತರಲು ಮೊದಲೇ ತಿಳಿಸಿ. ಕೊಡದಲ್ಲಿ ರಾತ್ರಿಯಿಡೀ ನಿಂತ ನೀರಲ್ಲೂ ಬಿಸಿಲಲ್ಲಿ ಬಂದ ನೀರಲ್ಲೂ ಕ್ಲೋರಿನ್ ಇಳಿದಿರುತ್ತದೆ. 10 ಮಿಲಿ ನೀರಿಗೆ ಒಂದು ಡಿಪಿಡಿ ನಂಬರ್ 1 ಮಾತ್ರೆ (ಕ್ಲೋರಿನ್ ಇದ್ದರೆ ನೀರನ್ನು ಗುಲಾಬಿಯಾಗಿಸುವ ಪರೀಕ್ಷೆಯ ಮಾತ್ರೆ) ಹಾಕಿ, ಬೆರಳು ತಾಗಿಸದೆ ಕಡ್ಡಿಯಿಂದ ಪುಡಿಮಾಡಿ, ಒಂದು ನಿಮಿಷದೊಳಗೆ ಗುಲಾಬಿ ಬಣ್ಣವನ್ನು ಕ್ಲೋರಿನ್ ಅಳತೆಯ ಬಣ್ಣದ ಪಟ್ಟಿಗೆ ಹೋಲಿಸಿ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕೆನ್ನುತ್ತದೆ ಭಾರತೀಯ ಮಾನಕ. ಬಣ್ಣ ಮೂಡಿ ತಕ್ಷಣ ಮಾಯವಾದರೆ ಕ್ಲೋರಿನ್ ವಿಪರೀತ ಇರಬಹುದು, ನೀರನ್ನು ತೆಳುಮಾಡಿ ಮತ್ತೆ ನೋಡಿ.

ಹಾಳೆಯ ಮೇಲೆ ಬಡಾವಣೆ ಅಥವಾ ಊರಿನ ಹೆಸರಷ್ಟೇ ಸಾಕು, ಮನೆಯವರ ಹೆಸರು ಬೇಡ. ನೀರು ತಂದವರು ತಾವಾಗಿ ಬಂದವರು, ಮೇಲೆ ತೇಲಿದ ತೊಗರಿಯಂಥವರು. ಅವರ ಬಾಟಲಿಗಳಿಂದ ಇಡೀ ಕಲಬುರಗಿಯ ನೀರಿನ ಬಗ್ಗೆ ತೀರ್ಪು ಬರೆಯಬೇಡಿ. ಬೋರ್‌ವೆಲ್ ನೀರಿಗೆ ಕ್ಲೋರಿನ್ ಹಾಕಿರದಿದ್ದರೆ ಸೊನ್ನೆ ಬರುವುದು ಸಹಜ. ಅದರಿಂದ ನೀರು ಕೊಳಕೆಂದು ಸಾಬೀತಾಗದು, ಕಾವಲಿಲ್ಲ ಎಂದಷ್ಟೇ ತಿಳಿಯುತ್ತದೆ. ಫ್ಲೋರೈಡ್ ಬಗ್ಗೆ ಈ ಮಾತ್ರೆ ಏನನ್ನೂ ಹೇಳುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು. ಸೊನ್ನೆ ಬಂದ ಮನೆಯವರನ್ನು ಬರಿಗೈಲಿ ಕಳಿಸಬೇಡಿ. ಕುಡಿಯುವ ನೀರನ್ನು ಕುದಿಸಿ ಮುಚ್ಚಿಡಿ ಎಂದು ಹೇಳಿ. ಸಾವಿರ ಲೀಟರ್ ಟ್ಯಾಂಕ್ ಇದ್ದವರಿಗೆ ಲೆಕ್ಕ ಬರೆದುಕೊಡಿ: ಹೊಸ ಬ್ಲೀಚಿಂಗ್ ಪೌಡರ್ 2.5 ಗ್ರಾಂ, ಬಕೆಟ್ಟಿನಲ್ಲಿ ಕದಡಿ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿದು, ಅರ್ಧ ಗಂಟೆ ಬಿಟ್ಟು ಬಳಸುವುದು.