ರೋಮ್‌ನಲ್ಲಿ ಊರವರು ಉಣ್ಣುವ ಹೋಟೆಲುಗಳನ್ನು ನಾನು ಹುಡುಕುವ ಬಗೆ

ಯೂರೋಪಿನ ಯಾವ ನಗರಕ್ಕೆ ಹೋದರೂ ನಾನು ಮೊದಲು ಹುಡುಕುವುದು ಹೋಟೆಲನ್ನಲ್ಲ, ದುಡಿಯುವ ಜನ ಮಧ್ಯಾಹ್ನದ ಊಟ ಮಾಡುವ ಬಡಾವಣೆಯನ್ನು. ರಾತ್ರಿಯ ಹೊತ್ತು ಪ್ರವಾಸಿಗರೂ ಊರವರೂ ಬೆರೆತಿರುವುದರಿಂದ ಗುಂಪನ್ನು ನೋಡಿ ಏನನ್ನೂ ಹೇಳಲಾಗದು. ವಾರದ ನಡುವಿನ ದಿನ, ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ, ಕಚೇರಿಯ ಗುರುತುಚೀಟಿಯನ್ನು ಕೊರಳಿಗೆ ಹಾಕಿಕೊಂಡವರೂ ಬಣ್ಣ ಬಳಿಯುವ ಕೆಲಸದ ಬಟ್ಟೆಯಲ್ಲೇ ಬಂದವರೂ ಒಂದೇ ಬಾಗಿಲನ್ನು ಹೊಕ್ಕರೆ ಮಾತ್ರ ನಾನೂ ಅವರ ಹಿಂದೆ ಹೋಗುತ್ತೇನೆ. ನಾಳೆಯೂ ಬರಬೇಕಾದ ಗಿರಾಕಿಗೆ ಕೆಟ್ಟ ಊಟ ಬಡಿಸಿ ಬಾಳುವ ಮಾಲೀಕರು ಕಡಿಮೆ.

ರೋಮ್‌ನಲ್ಲಿ ನಾನು ಈ ಕಾರಣಕ್ಕೆ ನೆಚ್ಚಿಕೊಂಡಿರುವುದು ತೆಸ್ತಾಚ್ಚೊ ಬಡಾವಣೆಯನ್ನು. ಕೊಲೊಸಿಯಮ್ ಬಳಿ ಮೆಟ್ರೊದ ಬಿ ಮಾರ್ಗವನ್ನು ಹಿಡಿದು ಪಿರಾಮಿದೆ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ನಡೆದೇ ಹೋಗಬಹುದು. 1975ರಲ್ಲಿ ಮುಚ್ಚುವವರೆಗೆ ನಗರದ ದೊಡ್ಡ ಕಸಾಯಿಖಾನೆ ಇಲ್ಲಿತ್ತು. ಅದರ ಕೆಲಸಗಾರರ ಪಾಲಿಗೆ ಬರುತ್ತಿದ್ದ ಕರುಳು, ಬಾಲ, ನಾಲಿಗೆಗಳಿಂದಲೇ ರೋಮ್‌ನ ಹೆಸರಾಂತ ಅಡುಗೆಗಳಲ್ಲಿ ಕೆಲವು ಬೆಳೆದವು. ಸಸ್ಯಾಹಾರಿಯಾದ ನನಗೆ ಅಲ್ಲೇನು ಕೆಲಸವೆಂದು ಸ್ನೇಹಿತರು ನಗುತ್ತಾರೆ. ಆದರೆ ಹಳೆಯ ಕಸಾಯಿಖಾನೆಯ ಎದುರಿಗೇ, 2012ರಲ್ಲಿ ಹೊಸ ಕಟ್ಟಡಕ್ಕೆ ಬಂದ ತರಕಾರಿ ಮಾರುಕಟ್ಟೆಯಿದೆ, ಮತ್ತು ನನ್ನ ಹುಡುಕಾಟ ಶುರುವಾಗುವುದು ಅಲ್ಲಿಂದಲೇ.

ಬೆಳಿಗ್ಗೆ ಮಾರುಕಟ್ಟೆಯನ್ನು ಒಂದು ಸುತ್ತು ಹಾಕಿ ಯಾವ ತರಕಾರಿ ರಾಶಿ ಬಿದ್ದಿದೆಯೆಂದು ನೋಡಿಕೊಂಡು, ಆಮೇಲೆ ಹೋಟೆಲುಗಳ ಹೊರಗೆ ತೂಗುಹಾಕಿದ ತಿಂಡಿಪಟ್ಟಿಗಳನ್ನು ಓದುತ್ತಾ ಹೋಗುತ್ತೇನೆ. ಚಳಿಗಾಲದಲ್ಲಿ ಪುಂತರೆಲ್ಲೆ ಎಂಬ ಕಹಿ ಸೊಪ್ಪಿನ ಎಳೆಯ ದಂಟು, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ರೋಮ್ ಸುತ್ತಲಿನ, ಹೂಮೊಗ್ಗಿನಂತಿರುವ ದುಂಡನೆಯ ತರಕಾರಿ ಆರ್ಟಿಚೋಕ್, ಮೇ ತಿಂಗಳ ಹೊತ್ತಿಗೆ ಪೆಕೊರಿನೊ ಚೀಸ್ ಜೊತೆ ಹಸಿಯಾಗಿಯೇ ತಿನ್ನುವ ಫಾವಾ ಕಾಳು: ಇವು ತಮ್ಮ ತಮ್ಮ ಕಾಲದಲ್ಲಿ ಪಟ್ಟಿಗೆ ಬಂದು, ಕಾಲ ಮುಗಿದ ಮೇಲೆ ಮಾಯವಾಗುವ ಹೋಟೆಲನ್ನು ನಾನು ನಂಬುತ್ತೇನೆ. ಆಗಸ್ಟ್‌ನಲ್ಲೂ ಆರ್ಟಿಚೋಕ್ ಬಡಿಸುವವರ ಪಟ್ಟಿಯ ಕೆಳಭಾಗದಲ್ಲಿ ಚಿಕ್ಕ ಅಕ್ಷರಗಳನ್ನು ಹುಡುಕುವುದು ಒಳ್ಳೆಯದು. ತಿನಿಸಿನ ಹೆಸರಿನ ಪಕ್ಕದಲ್ಲಿ ನಕ್ಷತ್ರದ ಗುರುತಿದ್ದರೆ, ಅದು ಸಾಮಾನ್ಯವಾಗಿ ಹೆಪ್ಪುಗಟ್ಟಿಸಿಟ್ಟ ಸರಕೆಂದೇ ಅರ್ಥ. ಚಿತ್ರಗಳಿರುವ ಪಟ್ಟಿ, ಬೀದಿಯಲ್ಲಿ ನಿಂತು ಕೈಹಿಡಿದು ಕರೆಯುವ ಮಾಣಿ, ಇವುಗಳಿಂದ ದೂರವಿರಿ ಎಂಬ ಬುದ್ಧಿವಾದ ಎಲ್ಲರಿಗೂ ಗೊತ್ತಿರುವುದೇ. ಇಂಗ್ಲಿಷ್ ಪಟ್ಟಿ ಇದ್ದ ಮಾತ್ರಕ್ಕೆ ಬಿಟ್ಟು ಹೋಗಬೇಕೆಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ, ಏಕೆಂದರೆ ಮನೆಮಂದಿಯೇ ನಡೆಸುವ ಒಳ್ಳೆಯ ಹೋಟೆಲುಗಳಲ್ಲೂ ಈಗ ಅದು ಸಿಗುತ್ತದೆ.

ವಾರದ ದಿನವೂ ಒಂದು ಸುಳಿವು. ಗುರುವಾರ ನ್ಯೊಕ್ಕಿ, ಶುಕ್ರವಾರ ಮೀನು, ಶನಿವಾರ ದನದ ಜಠರದ ಮಾಂಸ ಎಂಬುದು ರೋಮ್‌ನ ಹಳೆಯ ರೂಢಿ. ಆಲೂಗಡ್ಡೆಯಿಂದ ಮಾಡುವ ನ್ಯೊಕ್ಕಿಯನ್ನು ಗುರುವಾರದಂದೇ, ಅದೂ ಕೈಬರಹದ ಚೀಟಿಯಲ್ಲಿ ಬರೆದು ಅಂಟಿಸಿದ್ದನ್ನು ಕಂಡರೆ ನಾನು ಮುಂದಕ್ಕೆ ಹೋಗುವುದಿಲ್ಲ. ಬಾಗಿಲು ಮುಚ್ಚುವ ಹೊತ್ತನ್ನೂ ಗಮನಿಸುತ್ತೇನೆ: ಮಧ್ಯಾಹ್ನ ಮೂರರಿಂದ ರಾತ್ರಿ ಏಳೂವರೆಯ ತನಕ ಒಲೆ ಆರಿಸುವ, ವಾರಕ್ಕೊಂದು ರಜೆ ಹಾಕುವ, ಆಗಸ್ಟ್ 15ರ ಹಬ್ಬದ ಆಸುಪಾಸಿನಲ್ಲಿ ಬೀಗ ಜಡಿದು ಊರಿಗೆ ಹೋಗುವ ಹೋಟೆಲಿನವರು ಊರವರ ದಿನಚರಿಗೆ ಹೊಂದಿಕೊಂಡವರು. ಸಂಜೆ ಐದಕ್ಕೂ ಪಾಸ್ತಾ ಬಡಿಸುವವರು ಯಾರಿಗಾಗಿ ಬಡಿಸುತ್ತಿದ್ದಾರೆಂದು ಬೇರೆ ಹೇಳಬೇಕಿಲ್ಲ.

ಸಸ್ಯಾಹಾರಿಗಳು ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು, ಮೀನು ತಟ್ಟೆಗೆ ಬಂದೀತು. ‘ನೋನ್ ಮಾಂಜೊ ನೆ ಕಾರ್ನೆ ನೆ ಪೆಶೆ’, ಅಂದರೆ ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ ಎಂದು ಹೇಳಿಯೂ, ಪುಂತರೆಲ್ಲೆಯನ್ನು ಕಲಸುವ ಗೊಜ್ಜಿನಲ್ಲಿ ಆಂಚೊವಿ ಮೀನು ಅರೆದಿರುತ್ತದೆಂಬುದನ್ನು ನೆನಪಿಟ್ಟು ಬೇರೆಯಾಗಿ ಕೇಳುತ್ತೇನೆ. ಮಡಿವಂತರು ತಿಳಿದಿರಬೇಕಾದದ್ದು ಇನ್ನೊಂದಿದೆ: ಕಾಚೊ ಎ ಪೆಪೆ ಪಾಸ್ತಾಕ್ಕೆ ಹಾಕುವ ಪೆಕೊರಿನೊ ರೊಮಾನೊ ಚೀಸಿಗೆ ಕುರಿಮರಿಯ ಜಠರದಿಂದ ತೆಗೆದ ಹೆಪ್ಪನ್ನು ಬಳಸುತ್ತಾರೆ. ಇಷ್ಟಾದರೂ ಹಸಿವಿನಿಂದ ಏಳಬೇಕಾದ ಪ್ರಸಂಗ ಬರುವುದಿಲ್ಲ. ಪಕ್ಕದೂಟವಾಗಿ ಕೊಡುವ ತರಕಾರಿಗಳಲ್ಲೇ, ಬೇಯಿಸಿ ಬೆಳ್ಳುಳ್ಳಿ, ಮೆಣಸಿನಕಾಯಿ, ಆಲಿವ್ ಎಣ್ಣೆಯಲ್ಲಿ ಬಾಡಿಸಿದ ಚಿಕೋರಿ ಸೊಪ್ಪು ನಮ್ಮ ಸೊಪ್ಪಿನ ಪಲ್ಯದ ಹತ್ತಿರದ ನೆಂಟನಂತಿರುತ್ತದೆ. ಪುದೀನ, ಬೆಳ್ಳುಳ್ಳಿ ತುಂಬಿ ಹಬೆಯಲ್ಲಿ ಮೆತ್ತಗಾಗಿಸಿದ ಆರ್ಟಿಚೋಕ್ ಅಂತೂ ಅದಕ್ಕಾಗಿಯೇ ಹೋಗಬೇಕಾದಂಥದು.

ಅಂತರಜಾಲದ ವಿಮರ್ಶೆಗಳನ್ನು ನಾನು ಓದುತ್ತೇನೆ, ಆದರೆ ಇಟಾಲಿಯನ್‌ನಲ್ಲಿ ಬರೆದವನ್ನು ಮಾತ್ರ, ಅನುವಾದಕದ ನೆರವಿನಿಂದ, ಅದರಲ್ಲೂ ದೂರುಗಳನ್ನು ಮೊದಲು. ಮಾಣಿ ನಗಲಿಲ್ಲ, ಬಿಲ್ಲು ತಾನಾಗಿ ಬರಲಿಲ್ಲ ಎಂಬ ದೂರುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಅಲ್ಲಿ ಕೇಳುವವರೆಗೆ ಬಿಲ್ಲು ತರುವುದೇ ಒರಟುತನ. ಮೊಟ್ಟೆ, ಚೀಸ್, ಹಂದಿಮಾಂಸದಿಂದ ಮಾಡುವ, ಕೆನೆ ಸೇರಿಸಬಾರದ ಕಾರ್ಬೊನಾರಾ ಪಾಸ್ತಾದಲ್ಲಿ ಕೆನೆ ಹಾಕಿದ್ದರು ಎಂದು ಯಾರಾದರೂ ಸಿಡಿಮಿಡಿಗೊಂಡಿದ್ದರೆ ಆ ಹೋಟೆಲನ್ನು ಪಟ್ಟಿಯಿಂದ ತೆಗೆಯುತ್ತೇನೆ, ಆ ತಿನಿಸನ್ನು ನಾನು ತಿನ್ನದಿದ್ದರೂ.

ಬಿಲ್ಲಿನ ಬಗ್ಗೆ ಒಂದು ಮಾತು. ರೋಮ್ ಇರುವ ಲಾತ್ಸಿಯೊ ಪ್ರಾಂತದಲ್ಲಿ ಮೇಜಿಗೆ ಕುಳಿತದ್ದಕ್ಕೆ ‘ಕೊಪೆರ್ತೊ’ ಎಂದು ಹಣ ಕೇಳುವುದನ್ನು 2006ರ ಕಾನೂನು ನಿಷೇಧಿಸಿದೆ. ಬ್ರೆಡ್ಡಿಗೆ ಬೆಲೆ ಹಾಕಬಹುದು, ಅದು ಬೇಡವೆಂದು ಹೇಳುವ ಹಕ್ಕು ನಮಗಿದೆ. ನಾನು ಬೇಡವೆನ್ನುವುದಿಲ್ಲ. ತಟ್ಟೆಯಲ್ಲಿ ಉಳಿದ ಎಣ್ಣೆಯನ್ನು ಒರೆಸಿ ತಿನ್ನಲು ಅದು ಬೇಕು, ಮತ್ತು ಅಕ್ಕಪಕ್ಕದ ಮೇಜಿನವರೂ ಹಾಗೆಯೇ ಮಾಡುತ್ತಿರುತ್ತಾರೆ.