ಸೋರುವ ಫ್ಲಶ್ ಟ್ಯಾಂಕ್: ವಾಲ್ವ್ ಬದಲಿಸುವ ಬಗೆ

ಕಮೋಡಿನ ಫ್ಲಶ್ ಟ್ಯಾಂಕ್ ತುಂಬಿದ ಮೇಲೂ ಒಳಗೆ ಸಣ್ಣಗೆ ನೀರು ಹರಿಯುವ ಸದ್ದು ನಿಲ್ಲದಿದ್ದರೆ ಅದನ್ನು ಅಲಕ್ಷಿಸಬಾರದು. ಕೊಡಗಿನ ಮಳೆಗಾಲದಲ್ಲಿ ಆ ಸದ್ದು ಯಾರ ಕಿವಿಗೂ ಬೀಳುವುದಿಲ್ಲ, ನಿಜ. ಆದರೆ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುತ್ತ ಕೆರೆಯ ನೀರನ್ನೆಲ್ಲ ಕಾಫಿ ಗಿಡಗಳಿಗೆ ಹಾಯಿಸುವ ಮಾರ್ಚ್ ತಿಂಗಳಲ್ಲಿ, ನಿಮಿಷಕ್ಕೆ ಒಂದು ಲೋಟ, ಅಂದರೆ 200 ಮಿಲಿಲೀಟರ್ ಸೋರಿದರೂ ದಿನಕ್ಕೆ 288 ಲೀಟರ್ ನೀರು ವ್ಯರ್ಥವಾಗುತ್ತದೆ.

ಟ್ಯಾಂಕಿನೊಳಗೆ ನೀರು ತುಂಬಿಸುವ ವಾಲ್ವ್ ಒಂದು, ನೀರನ್ನು ಕೆಳಗೆ ಬಿಡುವ ವಾಲ್ವ್ ಇನ್ನೊಂದು ಇರುವುದರಿಂದ, ಅಂಗಡಿಗೆ ಹೋಗುವ ಮೊದಲು ಸೋರುತ್ತಿರುವುದು ಯಾವುದೆಂದು ತಿಳಿಯಬೇಕು. ಮುಚ್ಚಳ ತೆಗೆದು, ಗೋಡೆಯಲ್ಲಿರುವ ಆಂಗಲ್ ಕಾಕನ್ನು (ಟ್ಯಾಂಕಿಗೆ ನೀರು ಬಿಡುವ ಸಣ್ಣ ನಲ್ಲಿ) ಮುಚ್ಚಿ, ನೀರಿನ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದು ಅರ್ಧ ಗಂಟೆ ಬಿಡಿ. ನೀರು ಗೆರೆಗಿಂತ ಕೆಳಗಿಳಿದರೆ ದೋಷ ಕೆಳಗಿನ ಫ್ಲಶ್ ವಾಲ್ವಿನದು; ಅದರ ದುರಸ್ತಿ ಬೇರೆ. ಮಟ್ಟ ಇಳಿಯದೆ, ಕಾಕ್ ತೆರೆದಾಗ ಮಾತ್ರ ನೀರು ಏರಿ, ಹೆಚ್ಚಾದ ನೀರನ್ನು ಕಮೋಡಿಗೆ ಇಳಿಸುವ ಓವರ್‌ಫ್ಲೋ ಪೈಪಿನ ಬಾಯಿಯೊಳಗೆ ಹರಿಯತೊಡಗಿದರೆ, ತುಂಬಿಸುವ ವಾಲ್ವ್ ಮುಚ್ಚಿಕೊಳ್ಳುತ್ತಿಲ್ಲ ಎಂದರ್ಥ. ಆಗ ಫ್ಲೋಟನ್ನು, ಅಂದರೆ ನೀರಿನೊಂದಿಗೆ ಏರಿ ವಾಲ್ವನ್ನು ಮುಚ್ಚುವ ತೇಲುವ ಭಾಗವನ್ನು, ಕೈಯಿಂದ ಮೇಲೆತ್ತಿ ನೋಡಿ. ನೀರು ನಿಂತರೆ ಫ್ಲೋಟನ್ನು ಸ್ವಲ್ಪ ತಗ್ಗಿಸಿದರೆ ಸಾಕು, ಹೊಸದನ್ನು ಕೊಳ್ಳುವ ಅಗತ್ಯವಿಲ್ಲ. ನಿಲ್ಲದಿದ್ದರೆ ವಾಲ್ವನ್ನು ಬಿಚ್ಚಿ ನೋಡಬೇಕು.

ನಮ್ಮ ಕಡೆ ಗುಡ್ಡದ ಒರತೆಯಿಂದಲೋ ತೋಡಿನಿಂದಲೋ ಪೈಪ್ ಹಾಕಿ ನೀರು ತರುವ ಮನೆಗಳು ಬಹಳ. ಜೋರು ಮಳೆಯಾದ ಮರುದಿನ ಅದರೊಂದಿಗೆ ಮಣ್ಣೂ ಬರುತ್ತದೆ. ನಮ್ಮ ಮನೆಯ ವಾಲ್ವಿನ ತಲೆಯನ್ನು ಮೊದಲ ಸಲ ಬಿಚ್ಚಿದಾಗ, ಕಾಸಿನಗಲದ ಕಪ್ಪು ರಬ್ಬರ್ ವಾಷರಿನ ಮೇಲೆ ಕೆಂಪು ಜೇಡಿ ಮೆತ್ತಿಕೊಂಡು, ಅದರ ನಡುವೆ ರಾಗಿಗಿಂತ ಸಣ್ಣ ಮರಳಿನ ಕಣವೊಂದು ಅಂಟಿತ್ತು. ತೊಳೆದು ಮತ್ತೆ ಕೂರಿಸಿದ್ದೇ ತಡ, ಸೋರಿಕೆ ನಿಂತಿತು. ಆದ್ದರಿಂದ ನೀವೂ ಮೊದಲು ಕಾಕ್ ಮುಚ್ಚಿ, ವಾಷರನ್ನು ತೊಳೆದು ನೋಡಬೇಕೆಂಬುದು ನನ್ನ ಸಲಹೆ. ರಬ್ಬರ್ ಸವೆದು ಗುಳಿ ಬಿದ್ದಿದ್ದರೆ ಅಥವಾ ಪ್ಲಾಸ್ಟಿಕ್ ಬಿರುಕು ಬಿಟ್ಟಿದ್ದರೆ ವಾಲ್ವನ್ನೇ ಬದಲಿಸಬೇಕು.

ಕಾಕ್ ಮುಚ್ಚಿ ಫ್ಲಶ್ ಮಾಡಿ, ತಳದಲ್ಲಿ ಉಳಿದ ನೀರನ್ನು ಬಟ್ಟೆಯಿಂದ ಹಿಂಡಿ ತೆಗೆಯಿರಿ. ಕಾಕಿನಿಂದ ಟ್ಯಾಂಕಿಗೆ ಹೋಗುವ ಕನೆಕ್ಷನ್ ಪೈಪನ್ನು ಬಿಚ್ಚುವಾಗ ಕೆಳಗೊಂದು ಬಕೆಟ್ ಇರಲಿ. ಟ್ಯಾಂಕಿನ ಹೊರಗಿರುವ ನಟ್ಟನ್ನು ಸಡಿಲಿಸುವಾಗ ಒಳಗಿನ ವಾಲ್ವನ್ನು ಇನ್ನೊಂದು ಕೈಯಲ್ಲಿ ಹಿಡಿದಿರಬೇಕು. ಇಲ್ಲದಿದ್ದರೆ ಎರಡೂ ಒಟ್ಟಿಗೆ ತಿರುಗುತ್ತವೆ. ಬಿಚ್ಚಿದ ಹಳೆಯ ವಾಲ್ವನ್ನೇ ಅಂಗಡಿಗೆ ಒಯ್ಯುವುದು ಒಳ್ಳೆಯದು. ಏಕೆಂದರೆ ಕೆಲವು ಟ್ಯಾಂಕುಗಳಿಗೆ ನೀರು ಪಕ್ಕದಿಂದ ಬಂದರೆ ಕೆಲವಕ್ಕೆ ತಳದಿಂದ ಬರುತ್ತದೆ, ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ.

ಹೊಸದನ್ನು ಕೂರಿಸುವಾಗ ದೊಡ್ಡ ರಬ್ಬರ್ ವಾಷರ್ ಟ್ಯಾಂಕಿನ ಒಳಭಾಗದಲ್ಲಿರಬೇಕು, ನಟ್ ಹೊರಗಿರಬೇಕು. ಹೊಸಬರು ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ನೀರನ್ನು ತಡೆಯುವುದು ವಾಷರೇ ಹೊರತು ನಮ್ಮ ತೋಳಿನ ಬಲವಲ್ಲ. ನಟ್ಟನ್ನು ಕೈಯಿಂದ ಬಿಗಿಯಾಗುವಷ್ಟು ತಿರುಗಿಸಿ, ನಂತರ ಸ್ಪಾನರಿನಿಂದ ಕಾಲು ಸುತ್ತು ಮಾತ್ರ ಕೊಡಿ. ಅದಕ್ಕಿಂತ ಹೆಚ್ಚು ಬಿಗಿದರೆ ಪ್ಲಾಸ್ಟಿಕ್ ತಿರುಪಿನ ಎಳೆ ಹಾಳಾಗುತ್ತದೆ, ಪಿಂಗಾಣಿಯ ಟ್ಯಾಂಕಾದರೆ ಒಡೆಯಲೂಬಹುದು. ವಾಷರ್ ಇರುವ ಜೋಡಣೆಗೆ ಟೆಫ್ಲಾನ್ ಟೇಪ್ ಸುತ್ತುವುದೂ ಬೇಡ. ಕನೆಕ್ಷನ್ ಪೈಪನ್ನು ವಾಲ್ವಿಗೆ ಸೇರಿಸುವ ಮುನ್ನ ಅದರ ತುದಿಯನ್ನು ಬಕೆಟಿಗೆ ಹಿಡಿದು ಕಾಕನ್ನು ಒಂದೆರಡು ಕ್ಷಣ ತೆರೆದರೆ, ಪೈಪಿನಲ್ಲಿ ಕೂತಿರುವ ಮಣ್ಣು ಹೊಸ ವಾಲ್ವಿನೊಳಗೆ ಹೋಗದೆ ಹೊರಬೀಳುತ್ತದೆ.

ನೀರಿನ ಮಟ್ಟ ಓವರ್‌ಫ್ಲೋ ಪೈಪಿನ ಬಾಯಿಗಿಂತ ಸುಮಾರು ಒಂದು ಇಂಚು ಕೆಳಗೆ ನಿಲ್ಲುವಂತೆ ಫ್ಲೋಟನ್ನು ಹೊಂದಿಸಿಕೊಳ್ಳಿ. ಮನೆಯ ನೀರಿನ ಟ್ಯಾಂಕ್ ಹಿಂದಿನ ಗುಡ್ಡದ ಮೇಲಿದ್ದರೆ, ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್‌ನಂತೆ ಒತ್ತಡ ಹೆಚ್ಚುತ್ತದೆ. ಅಂಥ ಮನೆಗಳಲ್ಲಿ ಆಂಗಲ್ ಕಾಕನ್ನು ಪೂರ್ತಿ ತೆರೆಯದೆ ಅರ್ಧಕ್ಕೆ ನಿಲ್ಲಿಸಿದರೆ ನೀರು ರಭಸವಾಗಿ ನುಗ್ಗುವುದಿಲ್ಲ. ಕೊನೆಗೆ, ಜೋಡಣೆಯ ಕೆಳಗೆ ಹಳೆಯ ಪತ್ರಿಕೆಯ ಹಾಳೆಯೊಂದನ್ನು ಹಾಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅದರ ಮೇಲೆ ಒದ್ದೆಯ ಗುರುತು ಕಂಡರೆ ನಟ್ಟಿಗೆ ಇನ್ನು ಸ್ವಲ್ಪವೇ ಬಿಗಿ ಕೊಟ್ಟು, ಬೇರೊಂದು ಒಣ ಹಾಳೆ ಹಾಸಿ ಮತ್ತೊಮ್ಮೆ ನೋಡಿ.